ಹೆಸರು ಬರೆದ ಡಬ್ಬಿ

ಬಿಳಿ ಮುಚ್ಚಳದ ನಾಲ್ಕು ಪುಟ್ಟ ಡಬ್ಬಿಗಳನ್ನು ಅರುಂಧತಿ ಜಗಲಿಯ ಮೇಲೆ ಸಾಲಾಗಿಟ್ಟು ಒಂದೊಂದರ ಮೇಲೂ ಹೆಸರು ಬರೆದಾಗ ಆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕನಕರಾಜು, ಅವನ ಹೆಂಡತಿ ನಾಗರತ್ನ, ತಮ್ಮ ರಘುನಂದನ್, ತಮ್ಮನ ಹೆಂಡತಿ ಶ್ವೇತ. ಅರುಂಧತಿ ಮಂಡ್ಯದ ಆಸ್ಪತ್ರೆಯ ಕಡೆಯಿಂದ ಬಂದಿದ್ದ ಆರೋಗ್ಯ ಸಹಾಯಕಿ. ಹಳ್ಳಿ ಮನೆಗಳ ಸಂಕೋಚವೆಲ್ಲ ಅವಳಿಗೆ ಕಂಠಪಾಠ. ಬೆಳಿಗ್ಗೆ ಕಕ್ಕಸಿಗೆ ಹೋದಾಗ ಒಂದು ಚಮಚದಷ್ಟು ಇದಕ್ಕೆ ಹಾಕಿ ಮುಚ್ಚಿಡಿ, ನಾನೇ ಬಂದು ಐಸ್ ಪೆಟ್ಟಿಗೆಯಲ್ಲಿ ಒಯ್ಯುತ್ತೇನೆ ಎಂದಳು. ಸೂಜಿಯಿಲ್ಲ, ರಕ್ತವಿಲ್ಲ, ಸ್ಕ್ಯಾನಿಂಗ್ ಇಲ್ಲ, ನೋವಂತೂ ಇಲ್ಲವೇ ಇಲ್ಲ ಎಂದು ಧೈರ್ಯ ಬೇರೆ ಹೇಳಿದಳು.

ನೋವಿಲ್ಲವಂತೆ. ತೋಳು ಚಾಚು, ಒಂದು ಸೀಸೆ ರಕ್ತ ಕೊಡು ಅಂದಿದ್ದರೆ ನಾಗರತ್ನ ಕಣ್ಣು ಮುಚ್ಚಿಕೊಂಡು ಕೊಟ್ಟುಬಿಡುತ್ತಿದ್ದಳು. ತನ್ನ ಹೆಸರಿನ ಆ ಪುಟ್ಟ ಡಬ್ಬಿಯನ್ನು ಮುಟ್ಟಲು ಮಾತ್ರ ಅವಳ ಕೈ ಬರಲಿಲ್ಲ.

ವಿಷಯ ಇಷ್ಟು. ಸಂಕ್ರಾಂತಿ ಕಳೆದ ವಾರ, ಮದ್ದೂರಿನ ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಶೋಭಿತಾ ಇದ್ದಕ್ಕಿದ್ದಂತೆ ಕೆಳಗೆ ಬಿದ್ದು ಕೈಕಾಲು ಒದರಿದಳು. ರಘುನಂದನ್ ಮತ್ತು ಶ್ವೇತಳ ಒಬ್ಬಳೇ ಮಗಳು, ಎರಡನೇ ಕ್ಲಾಸು. ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ತಲೆಯ ಸ್ಕ್ಯಾನಿಂಗ್ ಮಾಡಿಸಿದರು. ಡಾಕ್ಟರು ಮನೆಯವರನ್ನೆಲ್ಲ ಕೂರಿಸಿಕೊಂಡು, ಮಗುವಿನ ಮಿದುಳಿನಲ್ಲಿ ಲಾಡಿ ಹುಳದ ಮರಿ ಗಂಟು ಕಟ್ಟಿಕೊಂಡಿದೆ ಎಂದು ತೋರಿಸಿದರು. ಈ ಹುಳ ಮನುಷ್ಯನ ಕರುಳಿಗೆ ಬರುವುದು ಸರಿಯಾಗಿ ಬೇಯದ ಹಂದಿ ಮಾಂಸ ತಿಂದರೆ ಮಾತ್ರ. ಬಂದ ಮೇಲೆ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ, ಇಟ್ಟುಕೊಂಡವರಿಗೇ ಗೊತ್ತಾಗುವುದಿಲ್ಲ. ಅಂಥವರ ಕೈಯಿಂದ ಅದರ ಮೊಟ್ಟೆ ಇನ್ನೊಬ್ಬರ ಅನ್ನಕ್ಕೆ ಸೇರಿತೋ, ಉಂಡವರ ತಲೆಗೆ ಹೋಗಿ ಕೂರುತ್ತದೆ. ಮಗು ಮಾಂಸ ಮುಟ್ಟಿರಬೇಕೆಂದೇನಿಲ್ಲ, ಉಣ್ಣಿಸುವವರು ತಿಂದಿದ್ದರೆ ಸಾಕು. ಹೊರಗಡೆಯಿಂದಲೂ ಬಂದಿರಬಹುದು, ಆದರೆ ಮೊದಲು ಮನೆಯೊಳಗೆ ನೋಡೋಣ ಎಂದರು. ಮಗುವಿಗೆ ಔಷಧಿಯಿದೆ, ವಾಸಿಯಾಗುತ್ತಾಳೆ. ಹುಳ ಇಟ್ಟುಕೊಂಡವರನ್ನು ಹುಡುಕದೆ ಬಿಟ್ಟರೆ ಇವತ್ತು ವಾಸಿಯಾದದ್ದು ನಾಳೆ ಮತ್ತೆ ಬರುತ್ತದೆ.

ಮನೆಗೆ ಬಂದು ಇದನ್ನು ಹೇಳಿದಾಗ, ಹಂದಿ ಮಾಂಸ ಎಂಬ ಮಾತು ಕೇಳಿದ್ದೇ ಚಿಕ್ಕಬೋರಮ್ಮ ಕಿವಿ ಮುಚ್ಚಿಕೊಂಡಿದ್ದಳು. ಅವಳು ಆ ಮನೆಯ ಹಿರಿಯಳು, ಕನಕರಾಜು ರಘುನಂದನ್ ಇಬ್ಬರ ತಾಯಿ. ಮನೆದೇವರು ತಿಮ್ಮಪ್ಪ. ಅವರ ಊರು ಕೊಪ್ಪದ ಸುತ್ತ ಎಷ್ಟೋ ಮನೆಗಳಲ್ಲಿ ಹಂದಿ ಮಾಂಸ ಮಾಡಿ ಉಂಡು ಕೈತೊಳೆದು ಸುಖವಾಗಿದ್ದಾರೆ, ಯಾವ ದೇವರೂ ಅವರನ್ನು ಹಿಡಿದುಕೊಂಡಿಲ್ಲ. ಆದರೆ ಹಿಂದೊಮ್ಮೆ ರಘುನಂದನ್ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ, ಮಗು ಬದುಕಿದರೆ ಆ ಮಾಂಸ ಈ ಮನೆಯ ಹೊಸಿಲು ದಾಟದಂತೆ ನೋಡಿಕೊಳ್ಳುತ್ತೇನೆ ಎಂದು ಚಿಕ್ಕಬೋರಮ್ಮ ಹರಕೆ ಹೊತ್ತಿದ್ದಳು. ಅಲ್ಲಿಂದಾಚೆಗೆ ಸೊಸೆಯಾಗಿ ಬಂದವರು ಮೊದಲ ದಿನ ದೇವರ ದೀಪ ಮುಟ್ಟಿ ಮಾತು ಕೊಡಬೇಕು. ಹೊಸಿಲು ದಾಟಬಾರದ್ದು ಮಾಂಸವಷ್ಟೇ ಅಲ್ಲ, ಅದನ್ನು ತಿಂದ ಬಾಯಿಯೂ ದಾಟಬಾರದು.

ಶ್ವೇತಳಿಗೆ ಆ ಮಾತು ಕೊಡುವುದು ಏನೂ ಕಷ್ಟವಾಗಿರಲಿಲ್ಲ, ಅವಳ ತವರಿನಲ್ಲೂ ತಿನ್ನುತ್ತಿರಲಿಲ್ಲ. ನಾಗರತ್ನಳ ಕಥೆ ಬೇರೆ. ಅವಳು ಹುಟ್ಟಿ ಬೆಳೆದದ್ದು ಬ್ಲಫ್ ಎಂಬ ಊರಿನಲ್ಲಿ. ಅಪ್ಪ ಅಲ್ಲಿನ ಕರೆಂಟು ಉತ್ಪಾದಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದ, ಈಗ ಅಣ್ಣ ಚಲುವರಾಜು ಇದ್ದಾನೆ. ಭಾನುವಾರ ಬಂತೆಂದರೆ ಆ ಕ್ವಾರ್ಟರ್ಸಿನಲ್ಲಿ ಹಂದಿ ಮಾಂಸದ ಒಗ್ಗರಣೆ ಘಮ್ಮೆನ್ನಬೇಕು. ದೀಪ ಮುಟ್ಟಿ ಕೊಟ್ಟ ಮಾತನ್ನು ನಾಗರತ್ನ ಎರಡು ವರ್ಷ ಪಾಲಿಸಿದಳು. ಆಮೇಲೊಂದು ಸಲ ತವರಿಗೆ ಹೋದಾಗ, ಮಕ್ಕಳಾಗಲಿಲ್ಲವೆಂದು ಇಲ್ಲಿ ಎಲ್ಲರೂ ಆಡಿದ ಮಾತುಗಳೆಲ್ಲ ಹೊಟ್ಟೆಯಲ್ಲಿ ಕುದಿಯುತ್ತಿರುವಾಗ, ಅಣ್ಣ ತಟ್ಟೆಗೆ ಬಡಿಸಿದ್ದನ್ನು ತಿಂದುಬಿಟ್ಟಳು. ಅಲ್ಲಿಂದ ಹೋದಾಗಲೆಲ್ಲ ತಿಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಏಲಕ್ಕಿ ಜಗಿದುಕೊಂಡು ಬರುತ್ತಿದ್ದಳು. ಕಳೆದ ದೀಪಾವಳಿಗೂ ತಿಂದಿದ್ದಳು.

ಇದೆಲ್ಲ ಬರೀ ಮಾತು ಮುರಿದ ಪ್ರಶ್ನೆಯಾಗಿದ್ದರೆ ಬೈಸಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಶೋಭಿತಾಳನ್ನು ಬೆಳೆಸಿದವಳು ನಾಗರತ್ನ. ರಘುನಂದನ್, ಶ್ವೇತ ಇಬ್ಬರಿಗೂ ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಿಗ್ಗೆ ಗಾಡಿ ಹತ್ತಿ ಹೋದರೆ ಬರುವಾಗ ಕತ್ತಲಾಗುತ್ತಿತ್ತು. ಹಾಲು ಬಿಟ್ಟ ದಿನದಿಂದ ಮಗುವಿಗೆ ದೊಡ್ಡಮ್ಮನ ಕೈತುತ್ತೇ ಆಗಬೇಕು. ನಾಗರತ್ನ ಮುದ್ದೆ ಕಟ್ಟಿ, ಬಸ್ಸಾರಿನಲ್ಲಿ ಅದ್ದಿ, ಬಾಯಿಗಿಟ್ಟರೆ ಮಾತ್ರ ಒಳಗೆ ಇಳಿಯುತ್ತಿತ್ತು. ಜೊತೆಗೆ ಆ ಮನೆಯ ಇನ್ನೊಂದು ಪದ್ಧತಿ, ಹಿರಿಯರು ಉಂಡೇಳುವಾಗ ತಮ್ಮ ತಟ್ಟೆಯ ಕಡೇ ತುತ್ತನ್ನು ಮನೆಯ ಮಗುವಿನ ಬಾಯಿಗಿಡುವುದು. ಅಜ್ಜಿಯ ಆ ತುತ್ತು ಆಯಸ್ಸು ಕೊಡುತ್ತದೆಂದು ಎಲ್ಲರ ನಂಬಿಕೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾಗರತ್ನಳಂತೂ ತನ್ನ ಹತ್ತು ಬೆರಳುಗಳನ್ನು ಬಿಟ್ಟು ಬೇರೇನನ್ನೂ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ತನ್ನದೇ ಹುಳ, ತನ್ನದೇ ಕೈ, ಮಗುವಿನ ತಲೆಯಲ್ಲಿರುವ ಗಂಟು ತಾನೇ ಇಟ್ಟದ್ದು ಎಂದು ಅವಳು ತೀರ್ಮಾನ ಮಾಡಿಕೊಂಡಾಗಿತ್ತು. ಡಬ್ಬಿ ಮಂಡ್ಯ ಮುಟ್ಟಿದರೆ ಶೋಭಿತಾ ತನ್ನ ಕೈತಪ್ಪುತ್ತಾಳೆ. ಅದೊಂದೇ ಭಯ ಅವಳನ್ನು ಹಿಂಡುತ್ತಿತ್ತು.

ಅರುಂಧತಿ ಐದನೇ ಡಬ್ಬಿಯನ್ನು ಚಿಕ್ಕಬೋರಮ್ಮನ ಮುಂದೆ ಹಿಡಿದಾಗ ಮುದುಕಿ ಸಿಡಿದೆದ್ದಳು. ಏಳಲು ಶಕ್ತಿಯಿರಲಿಲ್ಲ ಎನ್ನಿ. ಹೋದ ವರ್ಷ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವಳ ಪ್ರಪಂಚವೆಲ್ಲ ಒಂದು ಮಂಚ, ಒಂದು ಕುರ್ಚಿ, ಒಂದು ಕಮೋಡ್ ಕುರ್ಚಿ. ನನ್ನದನ್ನೂ ಡಬ್ಬಿಗೆ ತುಂಬಿ ಮೆರವಣಿಗೆ ಮಾಡಿಸುತ್ತೀರಾ, ಹರಕೆ ಹೊತ್ತವಳನ್ನೇ ಅನುಮಾನಿಸುತ್ತೀರಾ ಎಂದು ಅವಳು ಕೂಗಾಡಿದ್ದಕ್ಕೆ ಗಂಡುಮಕ್ಕಳಿಬ್ಬರೂ ನಕ್ಕು, ಬಿಡಿ ಮೇಡಂ, ಅವ್ವ ಅಡುಗೆ ಮನೆಗೆ ಕಾಲಿಟ್ಟು ವರ್ಷವಾಯಿತು ಎಂದರು. ಆಮೇಲೆ ನೋಡೋಣ ಎಂದು ಅರುಂಧತಿ ಆ ಡಬ್ಬಿಯನ್ನು ಹೆಸರು ಬರೆಯದೆ ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ನಾಗರತ್ನ ಎಂದಿನಂತೆ ಅತ್ತೆಯನ್ನು ಎತ್ತಿ ಕಮೋಡ್ ಕುರ್ಚಿಯಲ್ಲಿ ಕೂರಿಸಿದಳು, ಎಂದಿನಂತೆ ಕೆಳಗಿನ ಬೋಗುಣಿ ಹೊತ್ತು ಹಿತ್ತಲಿಗೆ ಬಂದಳು. ಸೆರಗಿನಲ್ಲಿ ಅವಳ ಡಬ್ಬಿ ಖಾಲಿ ಇತ್ತು. ಅಲ್ಲಿಯವರೆಗೂ ಅವಳ ತಲೆಯಲ್ಲಿ ಯಾವ ಉಪಾಯವೂ ಇರಲಿಲ್ಲ. ಬೋಗುಣಿಯನ್ನು ಕೆಳಗಿಟ್ಟಾಗ ಹೊಳೆಯಿತು. ಈ ಮನೆಯಲ್ಲಿ ಇದಕ್ಕಿಂತ ಚೊಕ್ಕವಾದದ್ದು ಇನ್ನೆಲ್ಲಿದೆ? ದೇವರ ದೀಪಕ್ಕೆ ಎಣ್ಣೆ ಹಾಕಿಕೊಂಡು ಬಂದವಳದು, ಹಂದಿ ಎಂಬ ಮಾತಿಗೇ ಕಿವಿ ಮುಚ್ಚುವವಳದು. ಒಂದು ಚಮಚ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಕೈ ಎರಡು ಸಲ ತೊಳೆದಳು. ಇನ್ನು ಮುಂದೆ ತವರಿನಲ್ಲಿ ಅದನ್ನು ಮುಟ್ಟುವುದಿಲ್ಲ, ಹೇಗಾದರೂ ಮಾಡಿ ಹುಳದ ಮಾತ್ರೆ ತರಿಸಿ ನುಂಗುತ್ತೇನೆ, ಅಲ್ಲಿಯವರೆಗೆ ಮಗುವಿಗೆ ಚಮಚದಲ್ಲೇ ತಿನ್ನಿಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಫೋನು ಬಂದದ್ದು ರಘುನಂದನನಿಗೆ. ಮನೆಮಂದಿಗೆಲ್ಲ ಅವನದೇ ನಂಬರು ಕೊಟ್ಟಿದ್ದರು. ಅರುಂಧತಿ ಬಾಯಿ ಬಿಗಿಯಾದ ಹೆಂಗಸು, ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವವಳಲ್ಲ. ನಿಮ್ಮ ಮೂವರದೂ ಏನೂ ಇಲ್ಲ, ನಾಗರತ್ನಮ್ಮನವರು ಮಾತ್ರ ನನಗೆ ಫೋನ್ ಮಾಡಬೇಕು ಎಂದಳು. ಇನ್ನು ಹೇಳುವುದಕ್ಕೆ ಏನು ಉಳಿಯಿತು?

ಆ ಸಂಜೆ ಮನೆಯಲ್ಲಿ ಕೂಗಾಟವಿರಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಶ್ವೇತ ಮಗಳನ್ನು ಸೊಂಟಕ್ಕೆ ಅವುಚಿಕೊಂಡು, ನಾಗರತ್ನಳನ್ನೇ ನೋಡುತ್ತ ಅತ್ತಳು. ಕನಕರಾಜು ಒಂದೇ ಪ್ರಶ್ನೆ ಕೇಳಿದ.

"ತಿಂದಿದ್ದೀಯೇನಮ್ಮಿ?"

ಹೌದೆಂದು ನಾಗರತ್ನ ತಲೆ ಆಡಿಸಿದಳು. ಅದು ಸುಳ್ಳೂ ಆಗಿರಲಿಲ್ಲ. ಮೊದಲು ಅವಳಿಗೆ ಹೊಳೆದದ್ದು ಇಷ್ಟೇ, ಸಿಕ್ಕಿಬಿದ್ದೆ. ನೆಲ ನೋಡುತ್ತ ನಿಂತಿದ್ದವಳಿಗೆ ಡಬ್ಬಿಯ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅದರಲ್ಲಿ ತನ್ನದು ಏನಿತ್ತು? ಹೆಸರು ಬಿಟ್ಟರೆ ಏನೂ ಇರಲಿಲ್ಲ. ಅವಳು ತಟಕ್ಕನೆ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಚಿಕ್ಕಬೋರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ದೀಪ ಮುಟ್ಟಿದ ಕೈ ಎಂಥದೆಂದು ದೇವರೇ ತೋರಿಸಿದ ಎನ್ನುತ್ತಿದ್ದಳು.

ತೀರ್ಪೂ ಅವಳದೇ. ದೊಡ್ಡ ಸೊಸೆ ಅಡುಗೆ ಮನೆಗೆ ಹೋಗಕೂಡದು. ಮಗುವನ್ನು ಮುಟ್ಟಕೂಡದು. ಶ್ವೇತ ಬರುವುದು ತಡವಾದರೆ ಶೋಭಿತಾ ಇನ್ನು ಅಜ್ಜಿಯ ತಟ್ಟೆಯಲ್ಲೇ, ಅಜ್ಜಿಯ ಕೈಯಲ್ಲೇ ಉಣ್ಣಲಿ.

ಒಳಗಿನಿಂದ ತಟ್ಟೆ ಬಂತು. ಮಗು ಹೋಗಿ ಅಜ್ಜಿಯ ಕಾಲಿನ ಬಳಿ ಕೂತಿತು. ಚಿಕ್ಕಬೋರಮ್ಮ ಮುದ್ದೆ ಮುರಿದು, ಬೆರಳಲ್ಲಿ ನಾದಿ, ಸಾರಿನಲ್ಲಿ ಅದ್ದುವುದನ್ನು ನಾಗರತ್ನ ಹಿತ್ತಲ ಬಾಗಿಲಿನಿಂದ ನೋಡಿದಳು. ಓಡಿಹೋಗಿ ಗೂಡಿನಲ್ಲಿದ್ದ ಚಮಚ ತಂದು, ಇದರಲ್ಲಿ ತಿನ್ನಿಸಿ ಅತ್ತೆಮ್ಮ ಎಂದು ನೀಡಿದಳು.

"ಉಳ ಇರೋದು ನಿನ್ ಕೈಲಿ," ಎಂದಳು ಮುದುಕಿ. "ನನ್ ಕೈಗ್ಯಾಕಮ್ಮಿ ಚಮಚ?"

ರಘುನಂದನ್ ಎದ್ದು ಚಮಚವನ್ನು ಕಿತ್ತುಕೊಂಡು ಮೂಲೆಗೆ ಎಸೆದ. ಇಷ್ಟೆಲ್ಲ ಆದ ಮೇಲೂ ಅವ್ವನಿಗೆ ಬುದ್ಧಿ ಹೇಳಲು ಬರುತ್ತಾಳೆ ಎಂದು ಅವನಿಗೆ ಸಿಟ್ಟು. ನಾಗರತ್ನ ಬಾಯಿ ತೆರೆದಳು. ಆ ಡಬ್ಬಿ ನನ್ನದಲ್ಲ ಎನ್ನಬೇಕು. ಅಂದರೆ ಮಾತ್ರ ಯಾರು ನಂಬುತ್ತಾರೆ? ತಿಂದೆನೆಂದು ಈಗತಾನೆ ಒಪ್ಪಿಕೊಂಡವಳು, ತಪ್ಪನ್ನು ನಡೆಯಲಾರದ ಮುದುಕಿಯ ತಲೆಗೆ ಕಟ್ಟುತ್ತಿದ್ದಾಳೆ ಎನ್ನುತ್ತಾರೆ. ಹೇಳಿದರೂ ತುತ್ತು ನಿಲ್ಲುವುದಿಲ್ಲ, ಹೇಳದಿದ್ದರೂ ನಿಲ್ಲುವುದಿಲ್ಲ. ಅವಳು ನಿಂತೇ ಇದ್ದಳು. ಒಂದೊಂದು ತುತ್ತೂ ಮಗುವಿನ ಬಾಯಿಗೆ ಹೋಯಿತು. ಔಷಧಿಯ ಮಂಪರಿನಲ್ಲಿದ್ದ ಶೋಭಿತಾ ಕಣ್ಣು ಮುಚ್ಚಿಕೊಂಡೇ ನುಂಗಿದಳು.

ಮರುದಿನ ಅರುಂಧತಿ ಮಾತ್ರೆ ತಂದಳು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಅಗಿದು ತಿನ್ನಬೇಕು. ಈ ಮಾತ್ರೆ ಕರುಳಲ್ಲಷ್ಟೇ ಕೆಲಸ ಮಾಡುತ್ತದೆ, ವಯಸ್ಸಾದವರಿಗೂ ತೊಂದರೆಯಿಲ್ಲ ಎಂದು ನಾಗರತ್ನ ಕೇಳಿದ್ದಕ್ಕೆ ಹೇಳಿದಳು. ಇನ್ನೊಬ್ಬರಿಗೆ ಬೇಕಾದರೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಕನಕರಾಜು ಕೆಮ್ಮಿದ. ಅವನು ಪಕ್ಕದಲ್ಲೇ ನಿಂತಿದ್ದ, ಅರುಂಧತಿ ಗಾಡಿ ಹತ್ತುವವರೆಗೂ ಅಲ್ಲಾಡಲಿಲ್ಲ. ಮಧ್ಯಾಹ್ನ ಮದ್ದೂರಿಗೆ ಹೋದ ನೆಪದಲ್ಲಿ ನಾಗರತ್ನ ಮೆಡಿಕಲ್ ಶಾಪುಗಳಲ್ಲೆಲ್ಲ ವಿಚಾರಿಸಿದಳು. ಆ ಮಾತ್ರೆಯನ್ನು ಯಾರೂ ಇಟ್ಟಿರಲಿಲ್ಲ, ಡಾಕ್ಟರ ಚೀಟಿಯಿಲ್ಲದೆ ತರಿಸುವುದೂ ಇಲ್ಲ ಎಂದರು. ಅವಳ ಹತ್ತಿರ ಇದ್ದದ್ದು ಒಬ್ಬರಿಗೆ ಆಗುವಷ್ಟು ಮಾತ್ರೆ.

ಅದರ ಮರುದಿನ ಬೆಳಿಗ್ಗೆ, ಕನಕರಾಜು ಡೇರಿಗೆ ಹಾಲು ಹಾಕಲು ಹೋದ ಹೊತ್ತಿನಲ್ಲಿ, ಅವಳು ಅತ್ತೆಯನ್ನು ಕಮೋಡ್ ಕುರ್ಚಿಯಲ್ಲಿ ಕೂರಿಸಿ ಕೋಣೆಯ ಬಾಗಿಲು ಹಾಕಿದಳು. ಎಂದಿನಂತೆ ಹೊರಗೆ ಹೋಗಲಿಲ್ಲ. ಎದುರಿಗೇ ನಿಂತಳು.

"ಆ ಡಬ್ಬೀಲಿ ಇದ್ದಿದ್ದು ನಂದಲ್ಲ ಅತ್ತೆಮ್ಮ. ನಿಮ್ದು."

ಮುದುಕಿಗೆ ಅರ್ಥವಾಗಲಿಲ್ಲ. ನಾಗರತ್ನ ಬಿಡಿಸಿ ಹೇಳಿದಳು. ಹೆದರಿಕೊಂಡೆ, ನಿಮ್ಮದು ಚೊಕ್ಕವೆಂದು ನಂಬಿದೆ, ಬೋಗುಣಿಯಿಂದ ತೆಗೆದು ತುಂಬಿದೆ. ಹೇಳುತ್ತ ಹೇಳುತ್ತ, ಈಗ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾಳೆ ಎಂದು ಕಾದಳು. ಚಿಕ್ಕಬೋರಮ್ಮ ಕುರ್ಚಿಯ ತೋಳನ್ನು ಹಿಡಿದುಕೊಂಡು ಬಾಗಿಲ ಕಡೆ ನೋಡಿದಳು.

"ಯಾರ್ಗಾರ ಏಳಿದ್ದೀಯಾ?"

ಸುಳ್ಳು ಬೊಗಳಬೇಡ ಎನ್ನಲಿಲ್ಲ, ಹರಕೆಯ ಮಾತೆತ್ತಲಿಲ್ಲ. ಆ ಒಂದು ಪ್ರಶ್ನೆಯಲ್ಲೇ ನಾಗರತ್ನಳಿಗೆ ಉತ್ತರ ಸಿಕ್ಕಿತು.

"ಇಲ್ಲ."

ಮುದುಕಿ ಮುಖ ತಿರುಗಿಸಿದಳು. ಆಮೇಲೆ ಗೋಡೆಗೆ ಹೇಳುವವಳಂತೆ ಹೇಳಿದಳು.

"ನಿಮ್ ಮಾವ ಇದ್ದಾಗ ಪಂಪ್‌ಸೆಟ್ ಮನೇಲಿ ಗಂಡಸ್ರು ಮಾಡ್ಕೊಂಡು ತಿನ್ನೋರು. ಮುದ್ದೆ ತಗೊಂಡು ಓದ್ರೆ ನಂಗೂ ಒಂದು ಎಲೇಲಿ ಎತ್ತಿ ಮಡಗಿರೋರು. ಆ ಮನುಸ ಜಲ್ಮದಲ್ಲಿ ನಂಗೆ ಅಂತ ಎತ್ತಿ ಮಡಗಿದ್ದು ಅದೊಂದೆ ಕಣಮ್ಮಿ. ಬ್ಯಾಡ ಅನ್ನಕ್ಕಾಗ್ನಿಲ್ಲ. ಅರಕೆ ಒತ್ತೋಳೂ ನಾನೆ, ಮುರ್ದೋಳೂ ನಾನೆ."

ಮಾವ ಅಪ್ಪಾಜಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಜಬರದಸ್ತಿನ ಮನುಷ್ಯ ಹೆಂಡತಿಗಾಗಿ ಎಲೆಯಲ್ಲಿ ಏನನ್ನಾದರೂ ಎತ್ತಿಡುತ್ತಿದ್ದನೆಂದು ನಾಗರತ್ನಳಿಗೆ ಊಹಿಸಲೂ ಆಗಲಿಲ್ಲ. ಅವಳಿಗೆ ಅತ್ತೆಯ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಕನಿಕರವೂ ಬಂತು, ಕನಿಕರ ಬಂದದ್ದಕ್ಕೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು. ಮಾತ್ರೆಗಳನ್ನು ಬಿಚ್ಚಿ ಮುದುಕಿಯ ಅಂಗೈಗೆ ಹಾಕಿದಳು.

"ನಿಂಗೆ?" ಎಂದಳು ಚಿಕ್ಕಬೋರಮ್ಮ.

"ನಂಗೆ ಅದ್ಯೋ ಇಲ್ವೋ ಯಾರ್ಗೊತ್ತು. ಮಗೀಗೆ ಈಗ ಉಣ್ಣಿಸ್ತಿರೋರು ನೀವು."

ಇದ್ದ ನಾಲ್ಕು ಹಲ್ಲಿನಲ್ಲಿ ಮುದುಕಿ ಮಾತ್ರೆಗಳನ್ನು ಅಗಿದು ನುಂಗುವವರೆಗೆ ನಾಗರತ್ನ ನೀರಿನ ಲೋಟ ಹಿಡಿದು ನಿಂತಿದ್ದಳು. ಆಮೇಲೆ ತನಗೆ ಬೇಕಾದದ್ದನ್ನು ಕೇಳಿದಳು. ನಿಜ ಹೇಳುವುದೇನೂ ಬೇಡ. ಮಗುವನ್ನು ನನ್ನ ಹತ್ತಿರ ಬಿಡಿ, ಒಂದು ಮಾತು ಅಂದರೆ ಸಾಕು, ನಿಮ್ಮ ಮಾತನ್ನು ಯಾರೂ ಮೀರುವುದಿಲ್ಲ.

"ಏಲಕ್ಕೂ ಉಚ್ಚೆಗೂ ನಿನ್ ಕೈ ಕಾಯ್ಕೊಂಡು ಕೂತಿವ್ನಿ," ಎಂದಳು ಅತ್ತೆ. "ಈ ಮನೇಲಿ ನಂಗೆ ಉಳ್ದಿರೋದು ನನ್ ಮಾತೊಂದೆ. ನಿನ್ ಪರವಾಗಿ ಆಡುದ್ರೆ ಯಾಕೆ ಅಂತ ಕೇಳ್ತಾರೆ. ಬುಡು. ನಾ ಸತ್ ಮ್ಯಾಲೆ ಏಳ್ಕೊ."

ಅಷ್ಟು ಹೇಳಿ, ಎತ್ತು ಎನ್ನುವಂತೆ ಎರಡೂ ಕೈ ಚಾಚಿದಳು. ನಾಗರತ್ನ ಎತ್ತಿದಳು, ತೊಳೆದಳು, ಮಂಚಕ್ಕೆ ಸಾಗಿಸಿದಳು.

ಅಲ್ಲಿಂದ ಯುಗಾದಿಯವರೆಗಿನ ದಿನಗಳನ್ನು ನಾಗರತ್ನ ಹಿತ್ತಲಿನಲ್ಲೇ ಕಳೆದಳು. ಅಡುಗೆ ಮನೆಗೆ ಬೇಡವಾದ ಕೈ ಸಗಣಿಗೆ ಬೇಕಿತ್ತು, ಕಬ್ಬಿನ ಗದ್ದೆಗೆ ಬೇಕಿತ್ತು, ಬೋಗುಣಿ ಹೊರುವುದಕ್ಕಂತೂ ಬೇಕೇ ಬೇಕಿತ್ತು. ಶ್ವೇತ ಬೆಳಿಗ್ಗೆ ಎದ್ದು ಗಂಟುಗಂಟಾದ ಮುದ್ದೆ ಕಟ್ಟಿಟ್ಟು ಕಾರ್ಖಾನೆಗೆ ಓಡುತ್ತಿದ್ದಳು. ಚಿಕ್ಕಬೋರಮ್ಮ ಮಗುವಿಗೆ ಉಣ್ಣಿಸುವ ಮೊದಲು ಸೋಪು ಕೇಳಿ ಕೈ ತೊಳೆಯುವುದನ್ನು ಕಲಿತಿದ್ದಳು. ಹಿರಿಯರ ಬುದ್ಧಿ ಎಂದರೆ ಹೀಗಿರಬೇಕು ಎಂದು ಮಕ್ಕಳಿಬ್ಬರೂ ಹೊಗಳಿದರು. ಶೋಭಿತಾಳಿಗೆ ಮತ್ತೆ ಫಿಟ್ಸು ಬರಲಿಲ್ಲ. ಶಾಲೆಯಿಂದ ಬಂದವಳು ಹಿತ್ತಲ ಬಾಗಿಲಲ್ಲೇ ನಿಂತು ದೊಡ್ಡಮ್ಮನಿಗೆ ಕೈ ಬೀಸುತ್ತಿದ್ದಳು, ಯಾರೋ ಗದರಿದ ಕೂಡಲೆ ಒಳಗೆ ಓಡುತ್ತಿದ್ದಳು. ಆ ಕೈ ಬೀಸುವುದಕ್ಕಾಗಿ ನಾಗರತ್ನ ಸಂಜೆಯ ಹೊತ್ತು ಬೇರೆಲ್ಲೂ ಹೋಗುತ್ತಿರಲಿಲ್ಲ.

ಯುಗಾದಿ ಕಳೆದು ಅರುಂಧತಿ ಮತ್ತೆ ಬಂದಳು. ಮಾತ್ರೆ ತಿಂದವರದು ಮೂರು ತಿಂಗಳಿಗೆ ಇನ್ನೊಮ್ಮೆ ನೋಡಬೇಕು. ಈ ಸಲ ಒಂದೇ ಡಬ್ಬಿ, ಒಂದೇ ಹೆಸರು.

ಮರುದಿನ ಹಿತ್ತಲಿನಲ್ಲಿ ನಾಗರತ್ನ ಆ ಡಬ್ಬಿ ಹಿಡಿದು ಕೂತಳು. ಬೆಳಕು ಹರಿದು ಬಿಸಿಲಾಯಿತು. ತನ್ನದನ್ನು ಕೊಟ್ಟರೆ ತನ್ನ ಹೊಟ್ಟೆಯಲ್ಲಿ ಏನಿದೆಯೆಂದು ಕೊನೆಗೂ ಗೊತ್ತಾಗುತ್ತದೆ. ಆದರೆ ಮಾತ್ರೆ ತಿಂದವಳು ತಾನಲ್ಲ. ಅತ್ತೆಯ ಹುಳ ಸತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮಗು ದಿನಾ ಉಣ್ಣುತ್ತಿರುವುದು ಅತ್ತೆಯ ಕೈಯಲ್ಲಿ. ಡಬ್ಬಿ ಒಂದೇ, ಹೊಟ್ಟೆ ಎರಡು. ಅರುಂಧತಿಯ ಗಾಡಿಯ ಸದ್ದು ಬೀದಿಯಲ್ಲಿ ಕೇಳಿಸಿದಾಗ ಅವಳು ಬೋಗುಣಿಯ ಕಡೆ ಬಾಗಿದಳು. ಈ ಸಲ ಹೆದರಿ ಮಾಡಿದ್ದಲ್ಲ, ಹಲ್ಲು ಕಚ್ಚಿಕೊಂಡು ಮಾಡಿದ್ದು.

ಫಲಿತಾಂಶದ ಫೋನು ಭಾನುವಾರ ಊಟದ ಹೊತ್ತಿಗೆ ಬಂತು. ಎಲ್ಲರೂ ನಡುಮನೆಯಲ್ಲಿದ್ದರು. ಅರುಂಧತಿ ನಾಗರತ್ನಳನ್ನೇ ಫೋನಿಗೆ ಕರೆದು, ಹುಳದ ಗುರುತೇ ಇಲ್ಲ, ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆ, ನೀವಿನ್ನು ನಿಶ್ಚಿಂತೆಯಾಗಿರಬಹುದು ಎಂದಳು. ರಘುನಂದನ್ ಸ್ಪೀಕರ್ ಹಾಕಿದ್ದರಿಂದ ಆ ಮಾತು ಸುತ್ತಲಿದ್ದವರಿಗೂ ಕೇಳಿಸಿತು. ಚಿಕ್ಕಬೋರಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೈ ಮುಗಿದಳು. ಅವಳು ಯಾತಕ್ಕೆ ಕೈ ಮುಗಿದಳೆಂದು ನಾಗರತ್ನಳಿಗೊಬ್ಬಳಿಗೇ ಗೊತ್ತಿತ್ತು. ಮಗು ಪಾರಾಯಿತು.

ಶ್ವೇತ ಎದ್ದು ಬಂದಳು. ಅವಳ ಕಣ್ಣು ತುಂಬಿತ್ತು.

"ನಾನು ನಿಮ್ಮನ್ನ ಬಾಳ ನೋಯಿಸಿಬಿಟ್ಟೆ ಅಕ್ಕ. ತಿಂದಿದ್ದು ತಿಂದ್ರಿ, ಬೇಕು ಅಂತ ಮಗೂಗೆ ಕೆಟ್ಟದ್ದು ಮಾಡಿದ್ರಾ? ತಗೊಳ್ಳಿ, ನೀವೇ ಉಣ್ಣಿಸಿ."

ಮುದ್ದೆಯ ತಟ್ಟೆಯನ್ನು ನಾಗರತ್ನಳ ಕೈಗಿಟ್ಟಳು. ಕನಕರಾಜು ಬೇಡವೆನ್ನಲಿಲ್ಲ, ರಘುನಂದನ್ ಮುಖ ತಿರುಗಿಸಲಿಲ್ಲ. ಶೋಭಿತಾ ಹಾರಿ ಬಂದು ದೊಡ್ಡಮ್ಮನ ತೊಡೆಗೆ ಆತುಕೊಂಡು ಕೂತಳು, ಮಂಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ದೊಡ್ಡದಾಗಿ ಬಾಯಿ ತೆರೆದಳು.

ನಾಗರತ್ನ ಮುದ್ದೆ ಮುರಿದಳು. ಬಿಸಿಯಾಗಿತ್ತು, ಎಂದಿನಂತೆ ಗಂಟಾಗಿತ್ತು. ಗಂಟನ್ನು ಬೆರಳಲ್ಲಿ ಒಡೆದು, ಸಾರಿನಲ್ಲಿ ಅದ್ದಿ, ಕೈ ಎತ್ತಿದಳು. ಕೈ ಅಲ್ಲಿಗೇ ನಿಂತಿತು. ಇಷ್ಟು ತಿಂಗಳು ಅವಳು ಬೇಡಿದ್ದು ಇದೊಂದನ್ನೇ. ಅದು ಈಗ ಕೈಯಲ್ಲೇ ಇತ್ತು, ಆದರೆ ಆ ಕೈಯಲ್ಲಿ ಇನ್ನೇನಿದೆಯೆಂದು ಯಾವ ಡಾಕ್ಟರೂ ನೋಡಿರಲಿಲ್ಲ. ಎಲ್ಲರೂ ಅವಳನ್ನು ಕ್ಷಮಿಸಿದ್ದರು. ಅವಳಿಗೆ ಮಾತ್ರ ತನ್ನನ್ನು ಕ್ಷಮಿಸಿಕೊಳ್ಳಲಾಗಲಿಲ್ಲ.

"ದೊಡ್ಡಮ್ಮ, ಕೊಡು," ಎಂದಳು ಶೋಭಿತಾ.

ನಾಗರತ್ನ ತುತ್ತನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ನೆಲದ ಮೇಲೆ ದೂರ ಸರಿಸಿದಳು. ಮಗುವಿನ ತುಟಿ ಅಳುವುದಕ್ಕೆ ಸೊಟ್ಟಗಾಯಿತು. ಏನಾಯಿತು, ಈಗಂತೂ ಎಲ್ಲ ಸರಿಯಾಯಿತಲ್ಲ ಎಂದು ಕನಕರಾಜು ರೇಗಿದ.

"ಮೇಡಮ್ಮೋರ್ಗೆ ಫೋನ್ ಮಾಡಿ, ಇನ್ನೊಂದು ಡಬ್ಬಿ ತರಕ್ಕೇಳಿ," ಎಂದಳು ನಾಗರತ್ನ. "ನಂದು ಯಾವತ್ತೂ ಕೊಟ್ಟೇ ಇಲ್ಲ ನಾನು."

"ಮತ್ತೆ ಕೊಟ್ಟಿದ್ದು ಯಾರ್ದು?" ಎಂದ ಕನಕರಾಜು.

ಅದೊಂದು ಹೆಸರು ನಾಗರತ್ನಳ ನಾಲಿಗೆಗೆ ಬರಲಿಲ್ಲ. ಕೇಳಿದವನೇ ಯೋಚಿಸಿದ, ದಿನಾ ಬೆಳಿಗ್ಗೆ ಇವಳು ಹೊರುವುದು ಯಾರ ಬೋಗುಣಿ? ಶ್ವೇತಳ ಕೈ ಬಾಯಿಗೆ ಹೋಯಿತು. ಮೊದಲು ಅವಳು, ಆಮೇಲೆ ರಘುನಂದನ್, ಕೊನೆಗೆ ಕನಕರಾಜು, ಒಬ್ಬೊಬ್ಬರಾಗಿ ಕುರ್ಚಿಯ ಕಡೆ ತಿರುಗಿದರು.

ಚಿಕ್ಕಬೋರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನನ್ನ ಒಳೀಕೆ ಕರ್ಕೊಂಡೋಗಿ," ಎಂದಳು.

ಗಂಡುಮಕ್ಕಳಿಬ್ಬರೂ ಕೂತಲ್ಲಿಂದ ಏಳಲಿಲ್ಲ. ಶ್ವೇತ ಮಗಳನ್ನು ಬರಸೆಳೆದುಕೊಂಡು ಗೋಡೆಗೆ ಒರಗಿದಳು. ಮುದುಕಿ ಇನ್ನೊಮ್ಮೆ ಕೇಳಿದಳು, ಈ ಸಲ ದನಿ ಬಹಳ ಸಣ್ಣದಾಗಿತ್ತು. ನಾಗರತ್ನ ಎದ್ದು, ಕೈಗೆ ಅಂಟಿದ್ದ ಹಿಟ್ಟನ್ನು ತೊಳೆದುಕೊಂಡು ಬಂದು, ಅತ್ತೆಯ ಕಂಕುಳಿಗೆ ತೋಳು ಕೊಟ್ಟು ಎತ್ತಿದಳು.